ಏಳು ಅನ್ನುವಾಗ ಬಂದ ನಗು

ಜೂನ್ ೩

ಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡುತ್ತಾನೆಂದು ನಿನ್ನಿಂದಲೇ ‘ಬಿಚ್ಚಣ್ಣ’ ಎಂಬ ಬಿರುದು ಪಡೆದ ನಿನ್ನ ತಮ್ಮ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನ ಪತ್ರ ತಲುಪಿತು. ನಾಲ್ಕು ಸಲ ಓದಿದೆ. ಅದರಲ್ಲಿ ಅಂಥ ಘನವಾದ ವಿಷಯ ಇತ್ತೆಂದಲ್ಲ. ನಿನ್ನ ಕೈಬರಹ ಹೇಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಮೂವತ್ತು ವರ್ಷ ನಾನು ಬರೆದ ಪತ್ರಗಳಿಗೆಲ್ಲ ಫೋನಿನಲ್ಲೇ ಉತ್ತರ ಕೊಟ್ಟವಳು ನೀನು. “ಬರೀತಾ ಕೂರೋಕೆ ಯಾರಿಗೋ ಪುರುಸೊತ್ತು, ದೇವರು ಬಾಯಿ ಕೊಟ್ಟಿಲ್ವಾ” ಅನ್ನುತ್ತಿದ್ದೆ. ಈಗ ಆರು ತಿಂಗಳಿಂದ ನನ್ನವಳು ಫೋನು ಮಾಡಿದಾಗಲೆಲ್ಲ ಭಾವನೇ ಎತ್ತಿ “ಅವಳು ಸ್ನಾನಕ್ಕೆ ಹೋಗಿದಾಳೆ” ಎನ್ನುತ್ತಾರೆ. ಹೀಗೆ ಸ್ನಾನ ಮಾಡಿದರೆ ಮನುಷ್ಯರು ಸೋಪಿನಂತೆ ಸವೆದುಹೋಗುತ್ತಾರಲ್ಲ ಎಂದು ನಾವು ಚಿಂತೆಯಲ್ಲಿರುವಾಗಲೇ, ಫೋನು ಕೆಟ್ಟುಹೋಗಿದೆ, ಇನ್ನು ಮೇಲೆ ಬರೆಯುತ್ತೇನೆ ಎಂಬ ನಿನ್ನ ಕಾಗದ. ಕೆಟ್ಟಿದ್ದು ಒಳ್ಳೆಯದೇ ಆಯಿತು. ದಯವಿಟ್ಟು ರಿಪೇರಿ ಮಾಡಿಸಬೇಡ.

ಈಗ ಮುಖ್ಯ ಸಮಾಚಾರ. ಮೂವತ್ತೈದು ವರ್ಷ ಜನರ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ ಮೇಲೆ ಸುಮ್ಮನೆ ಕೂರಲಾರದೆ ನಾನು ಹಿಂದಿನ ಕೋಣೆಯಲ್ಲಿ ಸಿಂಥಸೈಸರ್ ಒಂದನ್ನು ಕಟ್ಟುತ್ತಿರುವುದು ನಿನಗೆ ಗೊತ್ತು. ತಂತಿಯಿಲ್ಲ, ಕೊಳವೆಯಿಲ್ಲ, ಚರ್ಮವಿಲ್ಲ, ಬರೀ ಕರೆಂಟಿನಿಂದ ಸ್ವರ ಹುಟ್ಟಿಸುವ ಯಂತ್ರ. ಹಳೆಯ ಸೂಟ್‌ಕೇಸಿನಲ್ಲಿ ಅದರ ವಾಸ. ಮುರಿದ ಹಾರ್ಮೋನಿಯಂನಿಂದ ಕಿತ್ತ, ಬೆರಳೊತ್ತುವ ಇಪ್ಪತ್ತೈದು ಮನೆಗಳು, ಹನ್ನೆರಡು ತಿರುಗುಗುಂಡಿಗಳು. ಸದ್ಯಕ್ಕೆ ಹಸಿದ ಬೆಕ್ಕಿನಂತೆ ಹಾಡುತ್ತದೆ. “ಇದು ಸಂಗೀತ ಅಂದ್ರೆ ನಮ್ಮ ಕುಕ್ಕರು ವಿದ್ವಾಂಸ” ಎಂದು ನನ್ನವಳ ಅಭಿಪ್ರಾಯ. ಇಂಥ ಟೀಕಾಕಾರರ ಬಾಯಿ ಮುಚ್ಚಿಸಲು ಯಂತ್ರಕ್ಕೇ ಒಂದು ಬಾಯಿ ಕೊಡುವುದೆಂದು ತೀರ್ಮಾನಿಸಿದೆ. ಅಂದರೆ, ಮಾತಾಡುವ ಚಿಪ್ ಸೇರಿಸುವುದು.

ಗುಜರಿ ಅಂಗಡಿಯಲ್ಲಿ ಮಾತಾಡುವ ತೂಕದ ಯಂತ್ರವೊಂದರ ಹೊಟ್ಟೆಭಾಗ ಸಿಕ್ಕಿತು. ತಂದು, ಧೂಳು ಒರೆಸಿ, ಕರೆಂಟು ಕೊಟ್ಟು, ಸ್ಪೀಕರಿನ ತಂತಿ ತಾಗಿಸಿದೆ. “ದಯವಿಟ್ಟು ಅಲುಗಾಡದೆ ನಿಲ್ಲಿ” ಎಂದಿತು. ನಾನು ನಿಂತೆ. ಅಡುಗೆಮನೆಯಲ್ಲಿ ನನ್ನವಳು ತಟ್ಟೆ ಹಿಡಿದುಕೊಂಡೇ ನಿಂತಳು. ಆಮೇಲೆ ಹೊರಗೆ ಬಂದು, “ಅತ್ತಿಗೆ ಯಾವಾಗ ಬಂದ್ರು?” ಎಂದು ಬಾಗಿಲ ಹಿಂದೆಲ್ಲ ನೋಡಿದಳು.

ಅದು ನೀನು, ಅಕ್ಕ. ತೂಕದ ಯಂತ್ರದ ಕಾರ್ಖಾನೆಯಲ್ಲಿ ನೀನು ಟೈಪಿಸ್ಟ್ ಆಗಿದ್ದಾಗ, ದನಿ ಕೊಡಬೇಕಿದ್ದ ಹೆಂಗಸು ಬಾರದೆ ನಿನ್ನನ್ನೇ ಮೈಕಿನ ಮುಂದೆ ಕೂರಿಸಿದ ಕಥೆ ನೂರು ಸಲ ಕೇಳಿದ್ದೇನೆ. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, ಮೇಲೆ ಐದು ಮಾತು: ‘ದಯವಿಟ್ಟು ಅಲುಗಾಡದೆ ನಿಲ್ಲಿ’, ‘ನಿಮ್ಮ ತೂಕ’, ‘ಕಿಲೋ’, ‘ಧನ್ಯವಾದ’, ‘ಮುಂದಿನವರು ಬನ್ನಿ’. ನೀನು ಏಳು ಎನ್ನುವ ಹೊತ್ತಿಗೆ, ಯಾರೂ ಉಸಿರು ಬಿಡಕೂಡದೆಂದು ಎಲ್ಲರನ್ನೂ ಗದರಿಸುತ್ತಿದ್ದ ಮ್ಯಾನೇಜರರ ಹೊಟ್ಟೆಯೇ ಗುರ್ರೆಂದು, ಆ ಏಳಿನ ಬಾಲಕ್ಕೆ ನಿನ್ನ ನಗು ಅಂಟಿಕೊಂಡಿತು. ಮತ್ತೆ ಓದಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹತ್ತು ಸಾವಿರ ಚಿಪ್ ಹಾಗೇ ಅಚ್ಚಾದವು. ಯಂತ್ರ ಅಂಕಿ ಅಂಕಿಯಾಗಿ ಹೇಳುತ್ತಿತ್ತಲ್ಲ, ಎಪ್ಪತ್ತೇಳು ಕಿಲೋ ಇದ್ದವರಿಗೆ ಎರಡು ಸಲ ನಕ್ಕಿತು. ಎಷ್ಟು ಜನ ಅವತ್ತು ಊಟ ಬಿಟ್ಟರೋ, ಆ ಪಾಪ ನಿನ್ನದು.

ಹದಿನೈದು ಮಾತು ನನ್ನ ಸಿಂಥಸೈಸರಿಗೆ ಸಾಲದು. ಹಿಂದಿನ ಹಾಳೆಯಲ್ಲಿ ನಲವತ್ತು ಪದ ಬರೆದಿದ್ದೇನೆ. ಒಂದು ಕ್ಯಾಸೆಟ್ಟಿನಲ್ಲಿ ಓದಿ ಕಳಿಸು. ನಿನಗೆ ಮಾತಾಡುವುದೇನು ಹೊಸದೇ?

ಇಂತಿ, ಆಜ್ಞಾಧಾರಕ
ಬಿಚ್ಚಣ್ಣ


ಜೂನ್ ೧೪

ಬಿಚ್ಚಣ್ಣ,

ನಿನ್ನ ಪತ್ರ ಓದಿ ಭಾವ ನಕ್ಕರು. ಅವರು ನಗುವುದು ಗೊತ್ತಲ್ಲ, ಕನ್ನಡಕ ತೆಗೆದು ಒರೆಸುತ್ತಾರೆ, ಅಷ್ಟೇ. ಮೂರು ಸಲ ಒರೆಸಿದರು.

ನಿನ್ನ ನಲವತ್ತು ಪದಗಳನ್ನು ನೋಡಿದೆ. ‘ಗಿರಗಟ್ಟಲೆ’, ‘ತಕರಾರು’, ‘ಬೆಳ್ಳುಳ್ಳಿ’, ‘ಅಯ್ಯೋ ಪಾಪ’. ಇದನ್ನೆಲ್ಲ ಜೋಡಿಸಿ ನೀನು ಏನು ಹಾಡು ಕಟ್ಟುತ್ತೀಯೋ, ಕೇಳುವವರ ಗತಿ ಏನೋ. ಕ್ಯಾಸೆಟ್ ರೆಕಾರ್ಡರ್ ನಮ್ಮಲ್ಲಿ ಈಗ ಇಲ್ಲ. ಇದ್ದರೂ ಗಂಟಲು ಸರಿಯಿಲ್ಲ, ಕಟ್ಟಿದೆ. ಮುಂದೆ ನೋಡೋಣ.

ನಾವು ಕ್ಷೇಮ. ಪ್ರತಿ ಗುರುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೂ ನಡೆದುಹೋಗುತ್ತೇವೆ. ಅಲ್ಲಿ ವೆಯ್ಟಿಂಗ್ ರೂಮಿನಲ್ಲಿ ನಮ್ಮ ಕಾರ್ಖಾನೆಯ ಯಂತ್ರ ಒಂದು ಇನ್ನೂ ನಿಂತಿದೆ. ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾರೆ, ಗಾಜು ಒಡೆದಿದೆ, ಆದರೂ ತೂಕ ಹೇಳುತ್ತದೆ. ಭಾವ ದಾರಿಯಲ್ಲೇ ಮೂರು ಕಿಲೋ ಆಲೂಗಡ್ಡೆ ತೂಗಿಸಿಕೊಂಡು ಬರುತ್ತಾರೆ, ಆ ಚೀಲ ಹಿಡಿದುಕೊಂಡೇ ನಾನು ಯಂತ್ರದ ಮೇಲೆ ಹತ್ತುತ್ತೇನೆ. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಮನೆಗೆ ಬರುತ್ತೇವೆ. ವಾರಕ್ಕೆ ಮೂರು ಕಿಲೋ ಆಲೂಗಡ್ಡೆ ಇಬ್ಬರಿಗೆ ಜಾಸ್ತಿಯೇ. ಪಕ್ಕದ ಮನೆಯವರು ಈಗ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ನಿನ್ನ ಚಿಪ್‌ನಲ್ಲಿ ಏಳು ಹೇಗೆ ಕೇಳುತ್ತದೆ? ಸ್ಪಷ್ಟವಾಗಿದೆಯಾ? ಕೊನೆಯವರೆಗೂ ಬರುತ್ತದೆಯಾ?

ಅದನ್ನು ಹುಷಾರಾಗಿ ಇಟ್ಟುಕೋ. ನಿನಗೆ ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ, ಇದೊಂದನ್ನು ಬಿಚ್ಚಬೇಡ.

ಅಕ್ಕ


ಜೂನ್ ೨೫

ತೂಕವುಳ್ಳ ಅಕ್ಕನವರಿಗೆ,

ಆಲೂಗಡ್ಡೆ ಚೀಲ ಹಿಡಿದು ತೂಕ ನೋಡಿಸಿಕೊಳ್ಳುವ ಪದ್ಧತಿ ಪ್ರಪಂಚದಲ್ಲಿ ನಿಮ್ಮಿಬ್ಬರದೇ ಇರಬೇಕು. ನಾನೂ ನನ್ನವಳೂ ಕೂತು ಚರ್ಚಿಸಿದೆವು. ನನ್ನ ವಾದ: ಅಂಗಡಿಯವನು ತೂಕದಲ್ಲಿ ಹೊಡೆಯುತ್ತಾನೋ ಎಂದು ಭಾವನಿಗೆ ಅನುಮಾನ. ಅವಳ ವಾದ: “ನಿಮ್ಮಕ್ಕ ದಪ್ಪ ಆಗಿರ್ತಾರೆ. ಯಾರಾದ್ರೂ ಕೇಳಿದ್ರೆ ಆಲೂಗಡ್ಡೆ ಮೇಲೆ ಹಾಕ್ತಾರೆ.” ತೀರ್ಪು ಅವಳ ಕಡೆಗೇ ಆಯಿತು, ಯಾವಾಗಿನ ಹಾಗೆ. ಇರಲಿ, ಚೆನ್ನಾಗಿ ತಿನ್ನು.

ಯಂತ್ರದ ಪ್ರಗತಿ ಕೇಳು. ನಿನ್ನ ಹದಿನೈದು ಮಾತನ್ನು ಹಾರ್ಮೋನಿಯಂ ಮನೆಗಳಿಗೆ ಕಟ್ಟಿದ್ದೇನೆ. ಒಂದು ಗುಂಡಿ ತಿರುಗಿಸಿದರೆ ಚಿಪ್ ಓಡುವ ವೇಗ ಬದಲಾಗುತ್ತದೆ. ಬಲಕ್ಕೆ ತಿರುಗಿಸಿದರೆ ನೀನು ಇಲಿ. ಎಡಕ್ಕೆ ತಿರುಗಿಸಿದರೆ ಶೀತವಾದ ಪೊಲೀಸಿನವನು. ನಿನ್ನೆ ಪೊಲೀಸಿನ ದನಿಯಲ್ಲಿ ‘ಮುಂದಿನವರು ಬನ್ನಿ’ ಎನ್ನಿಸಿದೆ, ಬಾಗಿಲಲ್ಲಿ ನಿಂತಿದ್ದ ಪೋಸ್ಟ್‌ಮ್ಯಾನ್ ಕಾಗದ ಕೆಳಗಿಟ್ಟು ಹೊರಟೇಹೋದ.

ಏಳಿನ ಬಗ್ಗೆ ಕೇಳಿದ್ದೀಯ. ಆ ಕಳಂಕದ ಚಿಂತೆ ನಿನಗೆ ಇಷ್ಟು ವರ್ಷವಾದರೂ ಇದೆಯೆಂದು ಗೊತ್ತಿರಲಿಲ್ಲ. ಚಿಂತೆ ಬಿಡು, ತಮ್ಮ ತೊಳೆದಿದ್ದಾನೆ. ನನಗೂ ಅದು ತೊಂದರೆಯೇ ಆಗಿತ್ತು. ತಾಳಕ್ಕೆ ಸರಿಯಾಗಿ ಐದು, ಆರು, ಏಳು, ಎಂಟು ಎನ್ನಿಸಬೇಕೆಂದರೆ ಏಳಿನ ನಗು ಎಂಟರ ಜಾಗಕ್ಕೆ ನುಗ್ಗುತ್ತಿತ್ತು. ಅದಕ್ಕೆ ದನಿ ತುಂಬಿಸಿಕೊಳ್ಳುವ ಹೊಸ ಚಿಪ್ ಒಂದನ್ನು ತಂದೆ. ಹಳೆಯದರಿಂದ ಒಂದೊಂದೇ ಮಾತನ್ನು ಹೊಸದಕ್ಕೆ ತುಂಬಿದೆ. ಏಳು ಎಂದ ಕೂಡಲೇ, ನಗು ಶುರುವಾಗುವ ಮುಂಚೆ, ತುಂಬಿಸಲು ಒತ್ತಿ ಹಿಡಿದಿದ್ದ ಗುಂಡಿಯಿಂದ ಬೆರಳು ಎತ್ತಿಬಿಟ್ಟೆ. ಅರ್ಧ ಸೆಕೆಂಡಿನ ಕೆಲಸ, ಹನ್ನೊಂದು ಸಲ ಪ್ರಯತ್ನಿಸಬೇಕಾಯಿತು. ಈಗ ನಿನ್ನ ಏಳು ಬ್ಯಾಂಕಿನ ಮ್ಯಾನೇಜರರ ಏಳಿನಷ್ಟು ಗಂಭೀರವಾಗಿದೆ. ಕೇಳಿದರೆ ನೀನೇ ಎಂದು ಯಾರೂ ಹೇಳುವುದಿಲ್ಲ.

ಗಂಟಲು ಸರಿಹೋಯಿತಾ? ಬಿಸಿನೀರು ಕುಡಿ. ನಲವತ್ತು ಪದ ಕಾಯುತ್ತಿವೆ.

ಬಿಚ್ಚಣ್ಣ


ಜುಲೈ ೯

ಅಕ್ಕ,

ಎರಡು ವಾರವಾಯಿತು, ನಿನ್ನ ಉತ್ತರವಿಲ್ಲ. ಪತ್ರ ಬರೆಯುವ ಹುರುಪು ಇಳಿಯಿತೋ, ಮತ್ತೆ ಸ್ನಾನಕ್ಕೆ ಹೋದೆಯೋ. ಆಲೂಗಡ್ಡೆಯ ವಿಷಯದಲ್ಲಿ ನಾವು ಅಂದದ್ದು ಬೇಸರವಾಗಿದ್ದರೆ ಅದೆಲ್ಲ ನನ್ನವಳ ಮಾತು, ನನ್ನದಲ್ಲ.

ಅಥವಾ ಆ ರೇಡಿಯೋ ಸಿಟ್ಟು ಇನ್ನೂ ಇದೆಯಾ? ನನಗಾಗ ಒಂಬತ್ತು ವರ್ಷ. ಒಳಗೆ ಹಾಡುವವರು ಕೂತಿರುತ್ತಾರೆ ಎಂದು ಹೇಳಿದ್ದೇ ನೀನು. ನೋಡಲು ಬಿಚ್ಚಿದೆ, ಸೇರಿಸಲು ಬರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಲೋಕದ ಸಾಮಾನುಗಳನ್ನೆಲ್ಲ ರಿಪೇರಿ ಮಾಡಿದ್ದು ಆ ಒಂದು ರೇಡಿಯೋದ ಪ್ರಾಯಶ್ಚಿತ್ತಕ್ಕಾಗಿ ಎಂದು ತಿಳಿದುಕೋ.

ಇನ್ನೊಂದು ಸಣ್ಣ ವಿಷಯ. ಹೇಳಬೇಕೋ ಬೇಡವೋ ಎಂದಿದ್ದೆ. ನಿನ್ನ ಹಳೆಯ ಚಿಪ್ ತೀರಿಕೊಂಡಿತು. ಚಿಪ್ಪಿಗೆ ತಲೆ ಯಾವುದು ಬಾಲ ಯಾವುದು ಎಂದು ತಿಳಿಯಲು ಒಂದು ತುದಿಯಲ್ಲಿ ಸಣ್ಣ ಕಚ್ಚು ಮಾಡಿರುತ್ತಾರೆ. ಅದನ್ನು ನೋಡಿಕೊಂಡು ಕೂರಿಸಬೇಕು. ಮೂವತ್ತೈದು ವರ್ಷದ ಅನುಭವಸ್ಥ ನಾನು, ಒರೆಸಲೆಂದು ತೆಗೆದದ್ದನ್ನು, ಕನ್ನಡಕ ಹುಡುಕಲು ಸೋಮಾರಿತನಪಟ್ಟು ತಿರುಗುಮುರುಗಾಗಿ ಕೂರಿಸಿ ಕರೆಂಟು ಕೊಟ್ಟೆ. ಒಂದು ಎಳೆ ಹೊಗೆ ಬಂತು, ಅಷ್ಟೇ. ನಷ್ಟವೇನಿಲ್ಲ, ಅದರ ಶುದ್ಧಪ್ರತಿ ನನ್ನಲ್ಲಿ ಇದೆಯಲ್ಲ, ನಗುವಿಲ್ಲದ್ದು.

ಖಾಲಿ ಕ್ಯಾಸೆಟ್ಟನ್ನೂ ನಮ್ಮ ಹಳೆಯ ರೆಕಾರ್ಡರನ್ನೂ ಪಾರ್ಸೆಲ್ ಮಾಡಿದ್ದೇನೆ. ಈಗ ನೆಪವಿಲ್ಲ. ನಲವತ್ತು ಬೇಡ, ಒಂದೇ ಪದ ಓದು. ‘ತಕರಾರು’ ಸಾಕು.

ಬಿಚ್ಚಣ್ಣ


ಜುಲೈ ೧೭

ತಮ್ಮಾ,

ಪಾರ್ಸೆಲ್ ಬಂತು. ಹಾಗೇ ಇಟ್ಟಿದ್ದೇನೆ, ಬಿಚ್ಚಿಲ್ಲ.

ನೇರವಾಗಿ ಬರೆದುಬಿಡುತ್ತೇನೆ. ಡಿಸೆಂಬರಿನಲ್ಲಿ ನನಗೆ ಆಪರೇಷನ್ ಆಯಿತು. ಗಂಟಲಲ್ಲಿ ಗಡ್ಡೆ ಇತ್ತು. ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಈಗ ಕತ್ತಿನಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದಲೇ. ಆರೋಗ್ಯವಾಗಿದ್ದೇನೆ, ಡಾಕ್ಟರು ಎಲ್ಲ ತೆಗೆದಾಗಿದೆ ಅಂದಿದ್ದಾರೆ. ಆದರೆ ದನಿ ಇಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುತ್ತೇನೆ. ಫೋನು ಕೆಟ್ಟಿಲ್ಲ, ಕೆಟ್ಟಿದ್ದು ನಾನು. ಸ್ನಾನದ ಸುಳ್ಳು ಭಾವನದು. ಪಾಪ, ಇನ್ನೊಂದು ಸುಳ್ಳು ಹುಟ್ಟಿಸೋಕೆ ಅವರಿಗೆ ಬರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಕೇಳಿದ ಕೂಡಲೇ ಓಡಿಬರುತ್ತೀಯ. ಬಂದು ನನ್ನ ಕತ್ತು ನೋಡಿ ಅಳುತ್ತೀಯ. ನೀನು ಅತ್ತರೆ ಸಮಾಧಾನ ಮಾಡೋಕೆ ನನಗೆ ದನಿ ಇಲ್ಲ.

ಮಾತಿಲ್ಲದೆ ಇರುವುದು ಅಭ್ಯಾಸವಾಗುತ್ತದೆ. ನಾನು ಆಡಿದ ಮಾತು ಮೂರು ಜನ್ಮಕ್ಕೆ ಸಾಕು ಅಂತ ನೀನೇ ಹೇಳುತ್ತಿದ್ದೆ. ಆದರೆ ನಗು ಇದೆಯಲ್ಲ, ಅದಕ್ಕೂ ಶಬ್ದ ಬರುವುದಿಲ್ಲ. ಬರೀ ಭುಜ ಕುಣಿಯುತ್ತದೆ. ಭಾವ ನನ್ನ ಮುಖ ನೋಡುತ್ತಿದ್ದರೆ ಗೊತ್ತಾಗುತ್ತದೆ. ಪೇಪರ್ ಓದುತ್ತಿದ್ದರೆ ಗೊತ್ತೇ ಆಗುವುದಿಲ್ಲ. ಒಬ್ಬಳೇ ನಕ್ಕು ಒಬ್ಬಳೇ ಸುಮ್ಮನಾಗುತ್ತೇನೆ.

ನನ್ನ ದನಿ ಬೇರೆಲ್ಲೂ ಇಲ್ಲ. ಫೋನಿನಲ್ಲಿ ಆಡಿದ್ದೆಲ್ಲ ಗಾಳಿಗೆ ಹೋಯಿತು. ಮದುವೆ ವಿಡಿಯೋಗಳನ್ನೆಲ್ಲ ಹಾಕಿ ನೋಡಿದೆವು. ಎಲ್ಲದರಲ್ಲೂ ನಾನು ಬಾಯಿ ಆಡಿಸುತ್ತಿದ್ದೇನೆ, ಮೇಲೆ ಬ್ಯಾಂಡು. ಆಮೇಲೆ ಭಾವನಿಗೇ ಬಸ್‌ಸ್ಟ್ಯಾಂಡಿನ ಯಂತ್ರ ನೆನಪಾದದ್ದು. ಮೊದಲಾದರೆ ನಾನು ‘ಏಳು, ಒಂದು’ ಇದ್ದೆ, ನಗು ತಾನಾಗಿ ಬರುತ್ತಿತ್ತು. ಈಗ ಹತ್ತಿದರೆ ‘ಆರು, ನಾಲ್ಕು’. ಆರೂ ನಗುವುದಿಲ್ಲ, ನಾಲ್ಕೂ ನಗುವುದಿಲ್ಲ. ಭಾವ ಅಲ್ಲೇ ನಿಂತು ಬೆರಳೆಣಿಸಿ, ಹೊರಗೆ ಹೋಗಿ ಮೂರು ಕಿಲೋ ಆಲೂಗಡ್ಡೆ ತಂದು ನನ್ನ ಕೈಗೆ ಕೊಟ್ಟರು. ‘ಆರು, ಏಳು.’ ಯಂತ್ರ ನಕ್ಕಿತು. ಅವರು ಕನ್ನಡಕ ತೆಗೆದು ಒರೆಸಿದರು, ಅವತ್ತು ನಗುವುದಕ್ಕಲ್ಲ.

ಕಳೆದ ಗುರುವಾರ ಹೋದಾಗ ಅದರ ಮೇಲೆ ಚೀಟಿ ಅಂಟಿಸಿದ್ದರು. ಈ ತಿಂಗಳ ಕೊನೆಗೆ ತೆಗೆದುಬಿಡುತ್ತಾರಂತೆ. ತೂಕದ ಚೀಟಿ ಕೊಡುವ ಹೊಸದು ಬರುತ್ತದೆ, ಅದು ಮಾತಾಡುವುದಿಲ್ಲ. ನನಗೆ ಅಷ್ಟೇನೂ ಅನ್ನಿಸಲಿಲ್ಲ. ತಮ್ಮನ ಹತ್ತಿರ ಒಂದಿದೆ ಅಂತ ಧೈರ್ಯವಾಗಿದ್ದೆ. ಮನೆಗೆ ಬಂದರೆ ನಿನ್ನ ಪತ್ರ ಬಂದು ಬಿದ್ದಿತ್ತು, ಹೊಗೆ ಬಂದದ್ದು.

ನಿನ್ನ ಮೇಲೆ ಸಿಟ್ಟಿಲ್ಲ. ರೇಡಿಯೋ ಸಿಟ್ಟೂ ಇಲ್ಲ. ನಿನಗೆ ಗೊತ್ತಿರಲಿಲ್ಲ, ನಾನೇ ಹೇಳಿರಲಿಲ್ಲ.

ಅಕ್ಕ


ಜುಲೈ ೨೧

ಅಕ್ಕ,

ಮೂರು ಹಾಳೆ ಬರೆದು ಹರಿದೆ. ಇದು ನಾಲ್ಕನೆಯದು. ಇದರಲ್ಲಿ ತಮಾಷೆ ಇಲ್ಲ.

ಮೊದಲು ನನ್ನ ಸುಳ್ಳು ಒಪ್ಪಿಕೊಳ್ಳುತ್ತೇನೆ. ಫೋನು ಕಂಡರೆ ಆಗುವುದಿಲ್ಲ, ಪತ್ರವೇ ನಾಗರಿಕರ ಲಕ್ಷಣ ಎಂದು ನಾನು ಇಷ್ಟು ವರ್ಷ ಭಾಷಣ ಮಾಡಿದ್ದು ಕಿವಿ ಕೇಳಿಸದ್ದಕ್ಕೆ. ಮೊದಲಿಂದಲೂ ಮಂದವಿದ್ದ ಎಡಗಿವಿ ಪೂರ್ತಿ ಹೋಗಿ ಹತ್ತು ವರ್ಷವಾಯಿತು, ಬಲಗಿವಿಯೂ ಅದೇ ದಾರಿ ಹಿಡಿದಿದೆ. ನೀನು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧಕ್ಕೆ ನಾನು ಕೇಳಿಸದೆಯೇ ಹೂಂ ಅಂದಿದ್ದೇನೆ. ಈಗ ಆ ಅರ್ಧ ಎಲ್ಲಿಂದ ತರಲಿ? ಆ ಚಿಪ್ ಮಾತಾಡಿದ ದಿನ ನನಗೆ ಅಷ್ಟು ಸಂಭ್ರಮವಾದದ್ದು, ಸ್ಪೀಕರಿನ ದನಿ ಎಷ್ಟು ಬೇಕಾದರೂ ಏರಿಸಬಹುದಿತ್ತು, ನೀನು ಪೂರ್ತಿ ಕೇಳಿಸಿದೆ, ಅದಕ್ಕೆ. ಆಮೇಲೆ ನಾನೇ ನಿನ್ನ ನಗುವನ್ನು ಬೆರಳೆತ್ತಿ ಕತ್ತರಿಸಿದೆ.

ಅಳುವುದೆಲ್ಲ ಇಲ್ಲೇ ಅತ್ತು ಮುಗಿಸುತ್ತೇನೆ. ಈಗ ಕೆಲಸ.

ನಾನು ಹೊರಟರೆ ರೈಲು ಹಿಡಿದು, ಬಸ್ಸು ಹಿಡಿದು ತಲುಪುವಷ್ಟರಲ್ಲಿ ಏನಾಗಿರುತ್ತದೋ. ಅಲ್ಲದೆ ಒಂದು ಚಿಪ್ ಕೊಂದ ಕೈ ಇದು. ಅದನ್ನು ನೀವಿಬ್ಬರೇ ತೆಗೆಯಬೇಕು. ಮೊದಲು ಅಲ್ಲಿಯವರ ಒಪ್ಪಿಗೆ ಪಡೆಯಿರಿ. ಆಮೇಲೆ ಯಂತ್ರದ ಪ್ಲಗ್ ಕಿತ್ತು, ಹಿಂದಿನ ತಗಡಿನ ನಾಲ್ಕು ಸ್ಕ್ರೂ ತೆಗೆಯಿರಿ. ಒಳಗೆ ಹಸಿರು ಹಲಗೆಯ ಮೇಲೆ ಇಪ್ಪತ್ತೆಂಟು ಕಾಲಿನ ಕಪ್ಪು ಜರಿಹುಳದಂಥದ್ದು ಒಂದೇ ಇರುತ್ತದೆ. ಬೆಸುಗೆ ಹಾಕಿಲ್ಲ, ಸಾಕೆಟ್ಟಿನಲ್ಲಿ ಕೂತಿದೆ. ಮುಟ್ಟುವ ಮುಂಚೆ ನಲ್ಲಿಯನ್ನು ಒಮ್ಮೆ ಮುಟ್ಟಿ; ಮೈಮೇಲಿನ ಕರೆಂಟು ಹೋಗುತ್ತದೆ. ಸಣ್ಣ ಸ್ಕ್ರೂಡ್ರೈವರನ್ನು ಈ ತುದಿಗೊಮ್ಮೆ ಆ ತುದಿಗೊಮ್ಮೆ ಕೊಟ್ಟು, ಅಲ್ಲಾಡುವ ಹಲ್ಲು ತೆಗೆಯುವ ಹಾಗೆ, ಮೆಲ್ಲಗೆ ಎಬ್ಬಿಸಿ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ತುಂಡಿಗೆ ತಿಂಡಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸುತ್ತಿ ಅದರೊಳಗೆ ಕಾಲುಗಳನ್ನು ಚುಚ್ಚಿಡಿ. ಆಲೂಗಡ್ಡೆಗೆ ಚುಚ್ಚಬೇಡಿ, ನೀರಿರುತ್ತದೆ.

ಭಾವನ ಕೈ ನಡುಗುತ್ತದೆಂದು ಗೊತ್ತು. ಪರವಾಗಿಲ್ಲ. ನಡುಗುವ ಕೈ ಹುಷಾರಾಗಿರುತ್ತದೆ. ನನ್ನದು ನಡುಗಲಿಲ್ಲ, ಅದೇ ತಪ್ಪಾಯಿತು.

ನಿನ್ನ
ತಮ್ಮ


ಆಗಸ್ಟ್ ೧

ಬಿಚ್ಚಣ್ಣ,

‘ನಿನ್ನ ತಮ್ಮ’ ಅಂತೆಲ್ಲ ಸಹಿ ಹಾಕಬೇಡ, ಯಾರೋ ಬೇರೆಯವರು ಬರೆದ ಹಾಗಿರುತ್ತದೆ.

ಮೂವತ್ತನೇ ತಾರೀಕು ಹೋದೆವು. ವೆಯ್ಟಿಂಗ್ ರೂಮಿನ ಮೇಲ್ವಿಚಾರಕಿ ಗಟ್ಟಿ ಹೆಂಗಸು. ಸೊಂಟದಲ್ಲಿ ಬೀಗದ ಕೈ ಗೊಂಚಲು.

“ನೋಡಿ, ಇದು ಬಸ್‌ಸ್ಟ್ಯಾಂಡ್ ಸಾಮಾನು. ಕೇಳಿದೋರಿಗೆಲ್ಲ ಕಿತ್ತು ಕೊಡೋಕೆ ಬರಲ್ಲ” ಅಂದರು.

ಭಾವ, “ಅದರೊಳಗೆ ನಮ್ಮನೆಯವರ ದನಿ ಇದೆ” ಅಂದರು.

“ಯಾರು, ಇವರಾ? ಬಂದಾಗಿಂದ ಒಂದು ಮಾತೂ ಆಡ್ಲಿಲ್ವಲ್ಲ.”

“ಅದಕ್ಕೇ ಕೇಳ್ತಿರೋದು.”

ಭಾವ ಇಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕಂಡಿರಲಿಲ್ಲ. ಆದರೆ ಆಕೆ ನಂಬಲಿಲ್ಲ. ದನಿಯೇ ಇಲ್ಲದವಳು ಇದು ನನ್ನ ದನಿ ಅಂತ ಹೇಗೆ ತೋರಿಸುವುದು? ನಾನು ಸ್ಲೇಟಿನಲ್ಲಿ ‘ನೀವು ಹತ್ತಿ’ ಅಂತ ಬರೆದೆ. ಆಕೆ ಹತ್ತಿದರು. ನಾನು ಯಂತ್ರದ ಪಕ್ಕ ಅವರ ಎದುರಿಗೆ ನಿಂತು, ಅದು ಮಾತಾಡುವಾಗ ಜೊತೆಗೇ ಬಾಯಾಡಿಸಿದೆ. ‘ದಯವಿಟ್ಟು ಅಲುಗಾಡದೆ ನಿಲ್ಲಿ. ನಿಮ್ಮ ತೂಕ, ಏಳು, ಏಳು, ಕಿಲೋ.’ ಎಲ್ಲಿ ಉಸಿರು ಎಳೆದಿದ್ದೆ, ಎಲ್ಲಿ ತಡವರಿಸಿದ್ದೆ, ಒಂದೂ ಮರೆತಿಲ್ಲ. ಅದು ನಕ್ಕ ಕಡೆ ನಕ್ಕೆ, ಎರಡು ಸಲ. ಅದು ನಿಲ್ಲಿಸಿದ ಕಡೆ ನಿಲ್ಲಿಸಿದೆ. ಶಬ್ದ ಅದರದು, ಭುಜ ನನ್ನದು.

ಆಕೆ ಯಂತ್ರದ ಮೇಲೇ ನಿಂತುಬಿಟ್ಟರು. ಆಮೇಲೆ, “ಮೂರು ವರ್ಷದಿಂದ ದಿನಾ ನನ್ನ ನೋಡಿ ನಗ್ತಿದ್ದೋರು ನೀವೇನಾ?” ಅಂದರು. ಇಳಿದು ಬಂದು ತಾವೇ ಪ್ಲಗ್ ಕಿತ್ತರು. “ತಗೊಂಡ್ಹೋಗಿ. ಆದ್ರೆ ಒಂದು ಚೀಟಿ ಬರ್ಕೊಡಿ, ನಾಳೆ ನನ್ನ ಕೇಳ್ತಾರೆ.”

‘ನನ್ನ ದನಿ ನನಗೆ ತಲುಪಿದೆ’ ಅಂತ ಬರೆದು ಸಹಿ ಹಾಕಿದೆ.

ಭಾವ ನಲ್ಲಿ ಮುಟ್ಟಿದರು. ಸಾಲದು ಅಂತ ಇನ್ನೊಂದು ಸಲ ಮುಟ್ಟಿದರು. ಮೇಲ್ವಿಚಾರಕಿ ಟಾರ್ಚು ಹಿಡಿದರು. ಮುಕ್ಕಾಲು ಗಂಟೆಯಾಯಿತು, ಎರಡು ಬಸ್ಸಿನ ಜನ ನಿಂತು ನೋಡಿದರು. ಒಂದು ಕಾಲೂ ಮುರಿದಿಲ್ಲ, ಎಣಿಸಿದ್ದೇನೆ, ಇಪ್ಪತ್ತೆಂಟೂ ಇವೆ.

ಇದರ ಜೊತೆ ಕಳಿಸಿದ್ದೇನೆ. ನನ್ನ ದನಿ ಈಗ ಭಾವನ ಹಳೆಯ ಚಪ್ಪಲಿಯ ಕೆಳಗಿದೆ. ಇದನ್ನು ಅವರಿಗೆ ಹೇಳಬೇಡ, ನಲವತ್ತು ವರ್ಷದಿಂದ ಕಾಯುತ್ತಿದ್ದರು.

ಅಕ್ಕ


ಆಗಸ್ಟ್ ೨೨

ಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ಚಪ್ಪಲಿ ಸಮೇತ ತಾವು ಕ್ಷೇಮವಾಗಿ ಬಂದು ತಲುಪಿದಿರಿ. ಮೂರು ದಿನ ಆ ಲಕೋಟೆಯನ್ನು ಮುಟ್ಟಲಿಲ್ಲ. ಮೇಜಿನ ಒಂದು ಕಡೆ ಅದು, ಇನ್ನೊಂದು ಕಡೆ ನಾನು. ನಾಲ್ಕನೆಯ ದಿನ ನನ್ನವಳು ತನ್ನ ಉಗುರುಬಣ್ಣ ತಂದು ಚಿಪ್ಪಿನ ಕಚ್ಚಿಗೆ ಒಂದು ಕೆಂಪು ಚುಕ್ಕೆ, ಸಾಕೆಟ್ಟಿನ ತಲೆಗೊಂದು ಕೆಂಪು ಚುಕ್ಕೆ ಇಟ್ಟಳು. “ಕೆಂಪು ಕೆಂಪಿನ ಕಡೆ. ಇಷ್ಟಕ್ಕೆ ಮೂವತ್ತೈದು ವರ್ಷ ಅನುಭವ ಬೇಕಿತ್ತಾ” ಎಂದು, ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂರಿಸಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ‘ದಯವಿಟ್ಟು ಅಲುಗಾಡದೆ ನಿಲ್ಲಿ’ ಎಂದು ಕೇಳಿಸಿತು. ಈ ಸಲ ನಿಲ್ಲಲಿಲ್ಲ, ಒಳಗೆ ಓಡಿದೆ.

ಮೊದಲು ಮಾಡಿದ್ದು ಪ್ರತಿಗಳು. ನಾಲ್ಕು. ಒಂದು ಬೀರುವಿನಲ್ಲಿ, ಒಂದು ಅಕ್ಕಿ ಡಬ್ಬದಲ್ಲಿ, ಒಂದು ನನ್ನವಳ ತಂಗಿಯ ಮನೆಯಲ್ಲಿ. ಏಳು ತುಂಬುವಾಗ ಬೆರಳನ್ನು ನಗು ಮುಗಿದ ಮೇಲೂ ಎತ್ತಲಿಲ್ಲ. ಕೊನೆಯಲ್ಲಿ ಯಾರದೋ ಕುರ್ಚಿ ಕಿರ್ರೆನ್ನುತ್ತದೆ, ಅದೂ ಇರಲಿ ಎಂದು ಬಿಟ್ಟೆ. ನಾಲ್ಕನೆಯ ಪ್ರತಿ ಈ ಪಾರ್ಸೆಲ್ಲಿನಲ್ಲಿರುವ ಪೆಟ್ಟಿಗೆಯೊಳಗಿದೆ. ನೋಡಲು ಅದು ಸ್ಟೀಲಿನ ಊಟದ ಡಬ್ಬಿ, ನಿಜವಾಗಿಯೂ ಊಟದ ಡಬ್ಬಿಯೇ. ಮುಚ್ಚಳದ ಮೇಲೆ ಹದಿನಾರು ಗುಂಡಿ. ಹದಿನೈದು ನಿನ್ನ ಹದಿನೈದು ಮಾತು, ಕಾರ್ಖಾನೆಯ ಕ್ರಮದಲ್ಲೇ. ಮಾತನ್ನು ತುಂಡು ಮಾಡಿ ಬೇರೆ ಮಾತು ಜೋಡಿಸಿ ನೋಡಿದೆ. ಬರುತ್ತದೆ, ಆದರೆ ಯಾರೋ ನಿನ್ನ ಸೀರೆ ಉಟ್ಟುಕೊಂಡು ಬಂದ ಹಾಗೆ ಕೇಳುತ್ತದೆ. ಬಿಟ್ಟುಬಿಟ್ಟೆ.

ಹದಿನಾರನೆಯದಕ್ಕೆ ಏನೂ ಬರೆದಿಲ್ಲ. ಅದರಲ್ಲಿ ಏಳಿಲ್ಲ. ಏಳು ಮುಗಿದ ಮೇಲಿನದು ಮಾತ್ರ ಇದೆ. ಇನ್ನು ಮೇಲೆ ನೀನು ಎಷ್ಟು ಕಿಲೋ ಇದ್ದರೂ ನಡೆಯುತ್ತದೆ.

ಪಕ್ಕದ ತಿರುಗುಗುಂಡಿ ದನಿ ಜೋರು ಮಾಡುವುದಕ್ಕೆ. ಅದನ್ನು ನಾನು ಬೇಕಾದ್ದಕ್ಕಿಂತ ಬಹಳ ದೂರ ತಿರುಗುವಂತೆ ಮಾಡಿದ್ದೇನೆ. ಯಾಕೆಂದು ನಿನಗೆ ಗೊತ್ತು.

ನಗುವಿಲ್ಲದ ಆ ಶುದ್ಧಪ್ರತಿಯನ್ನು ಎಸೆದಿಲ್ಲ. ಮೇಜಿನ ಎದುರು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ, ಬುದ್ಧಿ ಬರಲಿ ಎಂದು. ಸಿಂಥಸೈಸರ್ ಮತ್ತೆ ಬರೀ ಬೆಕ್ಕಿನಂತೆ ಹಾಡುತ್ತಿದೆ.

ಅಕ್ಕ, ನಾನು ಬರಲಾ? ಅಳುವುದಿಲ್ಲ ಎಂದು ಬರೆದುಕೊಡಲಾರೆ.

ಬಿಚ್ಚಣ್ಣ


ಸೆಪ್ಟೆಂಬರ್ ೩

ಬಿಚ್ಚಣ್ಣ,

ಊಟದ ಡಬ್ಬಿ ಬಂತು. ಪೋಸ್ಟ್‌ಮ್ಯಾನ್ ಒಮ್ಮೆ ಅಲ್ಲಾಡಿಸಿ, “ಒಳಗೆ ಏನೂ ಚೆಲ್ಲಿಲ್ಲ ತಾನೇ” ಅಂದ. ನಾನು ‘ಧನ್ಯವಾದ’ ಒತ್ತಿದೆ. ಅವನು ಎರಡು ಹೆಜ್ಜೆ ಹಿಂದೆ ಹೋದ. ನಿನ್ನ ಕೈಕೆಲಸಕ್ಕೂ ಪೋಸ್ಟ್‌ಮ್ಯಾನ್‌ಗಳಿಗೂ ಏನೋ ಹಗೆ ಇದೆ.

ಹದಿನೈದು ಮಾತಿನಲ್ಲಿ ಸಂಸಾರ ಎಷ್ಟು ನಡೆಯುತ್ತದೆ ಅಂತ ನೀನು ನಂಬುವುದಿಲ್ಲ. ಬೆಳಿಗ್ಗೆ ಭಾವ ಗಡ್ಡ ಹೆರೆಯುವಾಗ ಹಿಂದೆ ನಿಂತು ‘ದಯವಿಟ್ಟು ಅಲುಗಾಡದೆ ನಿಲ್ಲಿ’ ಒತ್ತುತ್ತೇನೆ. ತರಕಾರಿಯವನು ತಕ್ಕಡಿ ಎತ್ತಿದಾಗ ‘ನಿಮ್ಮ ತೂಕ’ ಅಷ್ಟೇ ಒತ್ತಿ ಅವನ ಮುಖ ನೋಡುತ್ತೇನೆ. ಒಂದು ಈರುಳ್ಳಿ ಜಾಸ್ತಿ ಬೀಳುತ್ತದೆ. ಆಲೂಗಡ್ಡೆ ತರುವುದು ನಿಲ್ಲಿಸಿದ್ದೇವೆ. ಪಕ್ಕದ ಮನೆಯವರು ಮತ್ತೆ ಮಾತಾಡಿಸುತ್ತಾರೆ.

ಹದಿನಾರನೆಯದನ್ನು ಮೂರು ದಿನ ಒತ್ತಲಿಲ್ಲ. ನಗು ಬರದೆ ಒತ್ತಬಾರದು ಅಂತ ನನಗೇ ಒಂದು ನಿಯಮ ಹಾಕಿಕೊಂಡಿದ್ದೆ. ಶನಿವಾರ ನಿನ್ನ ಹಳೆಯ ಪತ್ರ ತೆಗೆದು ಓದುತ್ತಿದ್ದೆ, ಶೀತವಾದ ಪೊಲೀಸಿನವನು ಅಂತ ಬರೆದದ್ದು. ಭುಜ ಕುಣಿಯಿತು. ಒತ್ತಿದೆ. ಭಾವ ಆ ಕಡೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಮಡಿಸಿದ ಸದ್ದಾಯಿತು. ಬಾಗಿಲಿಗೆ ಬಂದು, “ಏನೇ ಅದು, ನನಗೂ ಹೇಳು” ಅಂದರು.

ತಮ್ಮಾ, ಒಂಬತ್ತು ತಿಂಗಳಾಗಿತ್ತು ಅವರು ಹಾಗೆ ಕೇಳಿ. ಮೊದಲು ದಿನಕ್ಕೆ ಎರಡು ಸಲವಾದರೂ ಕೇಳುತ್ತಿದ್ದರು. ಪತ್ರ ಅವರ ಕೈಗೆ ಕೊಟ್ಟೆ. ಓದಿ ಕನ್ನಡಕ ತೆಗೆದರು. ಪೇಪರಿಗೆ ವಾಪಸ್ಸು ಹೋಗಲಿಲ್ಲ, ಪಕ್ಕದಲ್ಲೇ ಕೂತರು.

ಬರಲಾ ಅಂತ ಕೇಳಿದ್ದೀಯ. ಇದನ್ನೂ ಕೇಳಬೇಕಾ? ನನ್ನ ಕತ್ತು ನೋಡಲು ಚೆನ್ನಾಗಿಲ್ಲ, ಮೊದಲೇ ಹೇಳಿರುತ್ತೇನೆ. ಅಳಬೇಕಾದರೆ ಅಳು. ಸಮಾಧಾನಕ್ಕೆ ಗುಂಡಿ ಇಲ್ಲ, ಆದರೆ ಕೈ ಇದೆ, ತಲೆ ಸವರುತ್ತೇನೆ. ನಿನ್ನ ಹೆಂಡತಿಯನ್ನೂ ಅವಳ ಉಗುರುಬಣ್ಣವನ್ನೂ ಕರೆದುಕೊಂಡು ಬಾ. ಆ ಸೂಟ್‌ಕೇಸನ್ನೂ ತಾ, ಬೆಕ್ಕಿನ ಹಾಡು ಕೇಳಬೇಕು.

ಬಂದು ಬಾಗಿಲು ತಟ್ಟು. ಒಳಗಿಂದ ‘ಯಾರು’ ಅನ್ನುವುದಕ್ಕೆ ನನ್ನ ಹತ್ತಿರ ಗುಂಡಿ ಇಲ್ಲ. ದನಿ ಪೂರ್ತಿ ಏರಿಸಿ ಹದಿನೈದನೆಯದು ಒತ್ತುತ್ತೇನೆ, ‘ಮುಂದಿನವರು ಬನ್ನಿ’. ನಿನಗೆ ಕೇಳಿಸಲಿಲ್ಲ ಅಂದರೆ ಇನ್ನೊಂದು ಸಲ ತಟ್ಟು, ಇನ್ನೊಂದು ಸಲ ಒತ್ತುತ್ತೇನೆ. ಕೇಳಿಸದೆ ಹೂಂ ಅನ್ನಬೇಡ. ಕೇಳಿಸುವವರೆಗೂ ಒತ್ತುತ್ತೇನೆ, ಅದಕ್ಕೇನೂ ಗಂಟಲು ನೋಯುವುದಿಲ್ಲ.

ಅಕ್ಕ